ನೋಟಿಸ್ ಬೋರ್ಡಿನಿಂದ ಫೋನಿಗೆ: ವಿಶ್ವವಿದ್ಯಾಲಯದ ಲೈಬ್ರರಿಗಳು ಸೋಷಿಯಲ್ ಮೀಡಿಯಾದಲ್ಲಿ ಮಾಡುವ ಕೆಲಸ

ಎಂ.ಎ. ಎರಡನೇ ವರ್ಷದಲ್ಲಿ ನನಗೊಂದು ಪಿಎಚ್‌ಡಿ ಪ್ರಬಂಧ ಬೇಕಾಗಿತ್ತು. ಅದು ಬೇರೆ ವಿಶ್ವವಿದ್ಯಾಲಯದ್ದು. ರಾತ್ರಿ ಬಸ್ಸು ಹತ್ತಿದೆ. ಬೆಳಗ್ಗೆ ಅಲ್ಲಿ ಇಳಿದು, ವಿಭಾಗದ ಮುಖ್ಯಸ್ಥರ ಪತ್ರ ತೋರಿಸಿ, ಕಾದು ಕೂತು, ಮಧ್ಯಾಹ್ನದ ಹೊತ್ತಿಗೆ ಆ ದಪ್ಪ ಬೈಂಡು ಕೈಗೆ ಸಿಕ್ಕಿತು. ಸಂಜೆಯವರೆಗೂ ಕೂತು ಬೇಕಾದ ಪುಟಗಳನ್ನು ಕೈಯಲ್ಲೇ ಬರೆದುಕೊಂಡೆ. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಗೆಳತಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಅದೇ ಪ್ರಬಂಧ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಶೋಧಗಂಗಾದಲ್ಲಿ, ಅಂದರೆ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ವೆಬ್‌ಸೈಟಿನಲ್ಲಿ ಇತ್ತು. ದುಡ್ಡು ಕೊಡಬೇಕಿರಲಿಲ್ಲ, ಲಾಗಿನ್ ಕೂಡ ಬೇಕಿರಲಿಲ್ಲ.

ನಮ್ಮ ಲೈಬ್ರರಿಯವರು ಶೋಧಗಂಗಾ ಬಗ್ಗೆ ನೋಟಿಸ್ ಹಾಕಿದ್ದರಂತೆ. ಮರುದಿನ ಹೋಗಿ ನೋಡಿದೆ. ಬೋರ್ಡಿನ ಮೂಲೆಯಲ್ಲಿ, ಪರೀಕ್ಷೆಯ ಸೀಟ್ ನಂಬರ್ ಪಟ್ಟಿಯ ಅಡಿಯಲ್ಲಿ ಅದರ ಒಂದು ತುದಿ ಕಾಣುತ್ತಿತ್ತು. ಮಾಹಿತಿ ಇತ್ತು, ಅದು ಬೇಕಾದವಳೂ ಇದ್ದೆ. ಇಬ್ಬರಿಗೂ ಭೇಟಿ ಆಗಲಿಲ್ಲ, ಅಷ್ಟೆ.

ವಿಶ್ವವಿದ್ಯಾಲಯದ ಲೈಬ್ರರಿಗೆ ಇನ್‌ಸ್ಟಾಗ್ರಾಂ ಯಾಕೆ, ವಾಟ್ಸಾಪ್ ಚಾನೆಲ್ ಯಾಕೆ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಬಸ್ ಪ್ರಯಾಣ. ಯಾಕೆ ಎಂದು ತಿಳಿಯಬೇಕಾದರೆ ಇವತ್ತಿನ ಲೈಬ್ರರಿ ಹೇಗಿದೆ ಎಂದು ಮೊದಲು ನೋಡಬೇಕು.

ಹಿಂದೆ ಲೈಬ್ರರಿಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಕಪಾಟುಗಳ ಮಧ್ಯೆ ಸುಮ್ನೆ ಓಡಾಡಿದರೂ ಏನೋ ಒಂದು ಕೈಗೆ ತಗುಲುತ್ತಿತ್ತು. ಈಗ ಲೈಬ್ರರಿಯ ಹಣದ ದೊಡ್ಡ ಪಾಲು ಕಣ್ಣಿಗೆ ಕಾಣದ ವಸ್ತುಗಳಿಗೆ ಹೋಗುತ್ತದೆ: ಆನ್‌ಲೈನ್ ಜರ್ನಲ್‌ಗಳು, ಡೇಟಾಬೇಸ್‌ಗಳು, ಇ-ಪುಸ್ತಕಗಳು. ಒಬ್ಬ ವಿದ್ಯಾರ್ಥಿ ಕ್ಯಾಂಪಸ್ಸಿನ ವೈಫೈನಲ್ಲಿ ಗೂಗಲ್ ಮಾಡುತ್ತಾನೆ, ಒಂದು ಸಂಶೋಧನಾ ಲೇಖನ ಸಿಗುತ್ತದೆ, ಒತ್ತಿದ ತಕ್ಷಣ ಪಿಡಿಎಫ್ ತೆರೆಯುತ್ತದೆ. ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು ಎಂದು ಅವನು ಅಂದುಕೊಳ್ಳುತ್ತಾನೆ. ನಿಜವಾಗಿ ನಡೆದದ್ದು ಬೇರೆ. ಕ್ಯಾಂಪಸ್ಸಿನ ಕಂಪ್ಯೂಟರುಗಳಿಗೆ ಒಂದು ಗೊತ್ತಾದ ಐಪಿ ವಿಳಾಸಗಳ ಸಾಲು ಇರುತ್ತದೆ. ಪ್ರಕಾಶಕರ ಸರ್ವರ್ ಆ ವಿಳಾಸ ನೋಡಿ, 'ಇವರ ಲೈಬ್ರರಿ ಚಂದಾ ಕಟ್ಟಿದೆ' ಎಂದು ಬಾಗಿಲು ತೆರೆಯಿತು. ಅದೇ ಹುಡುಗ ರಜೆಯಲ್ಲಿ ಊರಿಗೆ ಹೋಗಿ ಅದೇ ಲಿಂಕ್ ಒತ್ತಿದರೆ ಮೂವತ್ತೋ ನಲವತ್ತೋ ಡಾಲರ್ ಕೊಡಿ ಎನ್ನುತ್ತದೆ. ಮನೆಯಿಂದಲೂ ಲಾಗಿನ್ ಆಗಲು ಲೈಬ್ರರಿ ದಾರಿ ಮಾಡಿಟ್ಟಿರುತ್ತದೆ. ಆದರೆ ಅವನಿಗೆ ಯಾರೂ ಹೇಳಿರುವುದಿಲ್ಲ. ಬಾಗಿಲು ತೆರೆದದ್ದು ಲೈಬ್ರರಿ ಎಂದೇ ಗೊತ್ತಿಲ್ಲದವನು, ಬಾಗಿಲು ಮುಚ್ಚಿದಾಗ ಲೈಬ್ರರಿಯನ್ನು ಕೇಳುತ್ತಾನಾ?

ಇದು ಸಣ್ಣ ವಿಷಯವಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ, ಎಲ್ಲರ ಪರವಾಗಿ ಸರ್ಕಾರವೇ ಜರ್ನಲ್ ಚಂದಾ ಕಟ್ಟುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 6,300ಕ್ಕೂ ಜಾಸ್ತಿ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಸುಮಾರು 1.8 ಕೋಟಿ ಜನರಿಗೆ ಅನುಕೂಲ ಎಂಬುದು ಸರ್ಕಾರದ ಲೆಕ್ಕ. ಇದರ ಹಂಚಿಕೆ ನೋಡಿಕೊಳ್ಳುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್, ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗಾಗಿ ಇರುವ ಯುಜಿಸಿಯ ಕೇಂದ್ರ. ಶೋಧಗಂಗಾ ನಡೆಸುವವರೂ ಅವರೇ. ಜಿಲ್ಲಾ ಕೇಂದ್ರದ ಒಂದು ಸರ್ಕಾರಿ ಕಾಲೇಜಿನ ಹುಡುಗಿಯ ಹೆಸರಿನಲ್ಲೂ ಈ ಹಣ ಖರ್ಚಾಗುತ್ತಿದೆ. ಅವಳಿಗೆ ಈ ಸುದ್ದಿ ತಲುಪಿಸುವುದು ಯಾರ ಕೆಲಸ? ಅವಳ ಲೈಬ್ರರಿಯ ಕೆಲಸ. ಅವಳು ದಿನಕ್ಕೆ ಹತ್ತಾರು ಸಲ ನೋಡುವ ಜಾಗ ಯಾವುದು? ಫೋನು.

ನಮ್ಮ ಕ್ಯಾಂಪಸ್‌ಗಳಲ್ಲಿ ಮೊದಲ ಮಾತು ವಾಟ್ಸಾಪ್‌ದೇ. ಲೈಬ್ರರಿಗಳು ಸಾಮಾನ್ಯವಾಗಿ ಗ್ರೂಪ್ ಮಾಡುವುದರಿಂದ ಶುರು ಮಾಡುತ್ತವೆ. ಇಲ್ಲಿ ಎರಡು ತೊಂದರೆ. ಒಂದು, ಗ್ರೂಪಿಗೆ 1,024 ಜನರ ಮಿತಿ ಇದೆ, ವಿಶ್ವವಿದ್ಯಾಲಯಕ್ಕೆ ಅದು ಸಾಲುವುದಿಲ್ಲ. ಇನ್ನೊಂದು ಹೆಚ್ಚು ಗಂಭೀರವಾದದ್ದು. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಲೈಬ್ರರಿಯ ಗ್ರೂಪಿಗೆ ಸೇರಿದ ಕಾರಣಕ್ಕೆ ಒಬ್ಬ ಹುಡುಗಿಯ ಫೋನ್ ನಂಬರ್ ಸಾವಿರ ಅಪರಿಚಿತರ ಕೈಗೆ ಹೋಗುವುದು ಸರಿಯಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ನಂಬರ್ ಕಾಣುವುದಿಲ್ಲ. ಆದರೆ ಅದರ ಮಿತಿ 256, ಜೊತೆಗೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್ ಇದಕ್ಕೆ ಒಳ್ಳೆಯ ಉತ್ತರ. ಎಷ್ಟು ಜನ ಬೇಕಾದರೂ ಸೇರಬಹುದು, ಸೇರಿದವರ ನಂಬರ್ ಉಳಿದವರಿಗೆ ಕಾಣುವುದಿಲ್ಲ. ಕೊರತೆ ಎಂದರೆ ಅದು ಒಮ್ಮುಖ. ಲೈಬ್ರರಿ ಹೇಳುತ್ತದೆ, ಓದುಗರು ಇಮೋಜಿ ಒತ್ತಬಹುದು, ಪ್ರಶ್ನೆ ಬರೆಯಲು ಆಗದು. ಹಾಗಾಗಿ ಚಾನೆಲ್ ಜೊತೆಗೆ 'ಪ್ರಶ್ನೆ ಇದ್ದರೆ ಈ ನಂಬರಿಗೆ ಮೆಸೇಜ್ ಮಾಡಿ' ಎಂದು ಲೈಬ್ರರಿಯದ್ದೇ ಒಂದು ನಂಬರ್ ಇರಲೇಬೇಕು. ನನ್ನ ಮಟ್ಟಿಗೆ ಚಾನೆಲ್‌ಗಿಂತ ಆ ನಂಬರೇ ಮುಖ್ಯ.

ಯೂಟ್ಯೂಬಿನ ಕೆಲಸ ಬೇರೆ. ಅದು ಕಲಿಸುವ ಜಾಗ. ಓಪ್ಯಾಕ್‌ನಲ್ಲಿ, ಅಂದರೆ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗಿನಲ್ಲಿ, ಪುಸ್ತಕ ಹುಡುಕುವುದು ಹೇಗೆ, ಮನೆಯಿಂದ ಜರ್ನಲ್ ತೆರೆಯುವುದು ಹೇಗೆ, ಪ್ಲೇಜಿಯರಿಸಂ ರಿಪೋರ್ಟ್, ಅಂದರೆ ಬರಹದಲ್ಲಿ ನಕಲು ಎಷ್ಟಿದೆ ಎಂಬ ವರದಿ, ಓದುವುದು ಹೇಗೆ. ವರ್ಷಕ್ಕೊಮ್ಮೆ ನಡೆಯುವ ಓರಿಯೆಂಟೇಷನ್ ದಿನ ಇವನ್ನೆಲ್ಲ ಒಂದೇ ಗಂಟೆಯಲ್ಲಿ ಹೇಳುತ್ತಾರೆ. ಆಗ ಯಾರಿಗೂ ಅದು ಬೇಕಿರುವುದಿಲ್ಲ. ಬೇಕಾಗುವುದು ಆರು ತಿಂಗಳು ಕಳೆದ ಮೇಲೆ, ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಎರಡು ನಿಮಿಷದ ವಿಡಿಯೋ ಸಿಕ್ಕಿದರೆ ಕೆಲಸ ಆಯಿತು. ಸ್ಕ್ರೀನ್ ರೆಕಾರ್ಡ್ ಮಾಡಿ ಕನ್ನಡದಲ್ಲಿ ವಿವರಿಸಿದರೆ ಸಾಕು, ಕ್ಯಾಮೆರಾ ಕೂಡ ಬೇಡ. ಇಂಗ್ಲಿಷಿನಲ್ಲಿ ಇಂಥ ವಿಡಿಯೋ ಬೇಕಾದಷ್ಟಿವೆ. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸಲ ಡೇಟಾಬೇಸ್ ತೆರೆಯುವವರಿಗೆ ಯಾರಾದರೂ ಅವರ ಭಾಷೆಯಲ್ಲಿ ಹೇಳಿಕೊಡಬೇಕು. ಆ ಜಾಗ ನಮ್ಮ ಲೈಬ್ರರಿಗಳದ್ದು.

ಇನ್‌ಸ್ಟಾಗ್ರಾಂ ಕಣ್ಣಿನ ಮಾಧ್ಯಮ. ಹೊಸ ಪುಸ್ತಕದ ಮುಖಪುಟ, ರೀಡಿಂಗ್ ರೂಮಿನ ಬೆಳಕು, ಹಳೆಯ ನಕ್ಷೆ, ಅಪರೂಪದ ಫೋಟೋ ಅಲ್ಲಿಗೆ ಸರಿ. ಫೇಸ್‌ಬುಕ್ಕಿನಲ್ಲಿ ಈಗ ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಜಾಸ್ತಿ. ದಾನವಾಗಿ ಪುಸ್ತಕ ಕೊಡುವವರು, ಹಳೆಯ ಫೋಟೋದಲ್ಲಿ ಇರುವವರು ಯಾರು ಎಂದು ಗುರುತು ಹೇಳುವವರು ಅಲ್ಲೇ ಸಿಗುತ್ತಾರೆ. ಎಲ್ಲ ಕಡೆಯೂ ಇರಬೇಕೆಂಬ ಹಟ ಬೇಡ. ಎರಡು ಕಡೆ ಜೀವಂತವಾಗಿರುವುದು ಆರು ಕಡೆ ಸತ್ತು ಬಿದ್ದಿರುವುದಕ್ಕಿಂತ ಎಷ್ಟೋ ಒಳ್ಳೆಯದು.

ಜಾಗ ಬದಲಾದರೂ ಮಾತಿನ ರೀತಿ ಬದಲಾಗದಿದ್ದರೆ ಏನೂ ಪ್ರಯೋಜನವಿಲ್ಲ. ತುಂಬಾ ಲೈಬ್ರರಿ ಪುಟಗಳು ಸೋಲುವುದು ಇಲ್ಲೇ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಕುತ್ತಾರೆ. 'ಈ ಮೂಲಕ ಸಮಸ್ತ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ದೂರಸಂಪರ್ಕ ಪ್ರವೇಶ ಸೌಲಭ್ಯವನ್ನು ಕಲ್ಪಿಸಲಾಗಿದ್ದು, ಸದರಿ ಸೌಲಭ್ಯವನ್ನು ಸದುಪಯೋಗಪಡಿಸಿಕೊಳ್ಳತಕ್ಕದ್ದು.' ಇದನ್ನು ಫೋನಿನಲ್ಲಿ ಯಾರು ಓದುತ್ತಾರೆ? ಅದೇ ವಿಷಯವನ್ನು ಹೀಗೆ ಬರೆಯಬಹುದು: 'ರಜೆಗೆ ಊರಿಗೆ ಹೋಗಿದ್ದೀರಾ? ಜರ್ನಲ್ ತೆರೆದರೆ ದುಡ್ಡು ಕೇಳುತ್ತಿದೆಯಾ? ಕೊಡಬೇಡಿ. ಲೈಬ್ರರಿ ಆಗಲೇ ಕೊಟ್ಟಿದೆ. ಈ ಲಿಂಕಿನಲ್ಲಿ ನಿಮ್ಮ ಕಾಲೇಜು ಇಮೇಲ್ ಹಾಕಿ ಲಾಗಿನ್ ಆಗಿ. ಆಗದಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ, ನಾವು ನೋಡುತ್ತೇವೆ.' ಕೊನೆಯ ಸಾಲಿನಲ್ಲೇ ಎಲ್ಲ ಇದೆ. ಈ ಕಡೆ ಒಬ್ಬ ಮನುಷ್ಯರು ಕೂತಿದ್ದಾರೆ ಎಂದು ಓದುಗನಿಗೆ ಗೊತ್ತಾಗುತ್ತದೆ.

ಅಲ್ಲಿ ಕೂತವರು ಮಾಡುತ್ತಿರುವುದು ಹೊಸ ಕೆಲಸವೇನಲ್ಲ. ರೆಫರೆನ್ಸ್ ಕೌಂಟರಿನಲ್ಲಿ ಕೂತು 'ಏನು ಹುಡುಕುತ್ತಿದ್ದೀರಿ?' ಎಂದು ಕೇಳುವ ಕೆಲಸವೇ ಅದು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಅದರ ಹಿಂದಿನ ಎರಡು ಸೂತ್ರಗಳು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಸಂಸ್ಥೆ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಒಂದು ಪೋಸ್ಟ್ ಹಾಕಬೇಕೋ ಬೇಡವೋ ಎಂಬ ಅನುಮಾನ ಬಂದಾಗ ಅವರ ಸೂತ್ರದ ಮುಂದೆ ಅದನ್ನು ಇಟ್ಟು ನೋಡಬಹುದು. ಇದರಿಂದ ಯಾರ ಸಮಯ ಉಳಿಯುತ್ತದೆ? ಅತಿಥಿಗಳಿಗೆ ಶಾಲು ಹೊದಿಸಿದ ಹನ್ನೆರಡು ಫೋಟೋಗಳಿಂದ ಯಾರ ಸಮಯವೂ ಉಳಿಯುವುದಿಲ್ಲ.

ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಮಾತು ಸೋಷಿಯಲ್ ಮೀಡಿಯಾದಲ್ಲಿ ಹೇಗೆ ನಿಜವಾಗುತ್ತದೆ ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ್ದು. ಅವರ ವಿಶೇಷ ಸಂಗ್ರಹದಲ್ಲಿ ಋತುಗಳ ಬಗ್ಗೆ 1837ರ ಒಂದು ಪುಸ್ತಕಮಾಲೆ ಇತ್ತು. ಮುಚ್ಚಿಟ್ಟರೆ ಪುಟಗಳ ಅಂಚು ಬರೀ ಚಿನ್ನದ ಬಣ್ಣ. ಪುಟಗಳನ್ನು ಸ್ವಲ್ಪ ಬಾಗಿಸಿ ಹರಡಿದರೆ ಆ ಅಂಚಿನಲ್ಲೇ ಒಂದು ಚಿತ್ರ ಮೂಡುತ್ತದೆ. ಇದಕ್ಕೆ ಫೋರ್-ಎಡ್ಜ್ ಪೇಂಟಿಂಗ್ ಎನ್ನುತ್ತಾರೆ. ಅಲ್ಲಿನ ಗ್ರಂಥಪಾಲಕಿಯೊಬ್ಬರು ಪುಟ ಬಾಗಿಸುವ ಆ ಕ್ಷಣವನ್ನು ಪುಟ್ಟ ಜಿಫ್, ಅಂದರೆ ಚಲಿಸುವ ಚಿತ್ರವಾಗಿ ಮಾಡಿ ಟಂಬ್ಲರ್ ಎಂಬ ಬ್ಲಾಗ್ ತಾಣದಲ್ಲಿ ಹಾಕಿದರು. 2013ರಲ್ಲಿ ಅದು ಜಗತ್ತಿನ ತುಂಬಾ ಹರಡಿತು. ಕಪಾಟಿನಲ್ಲಿ ಸುಮ್ಮನೆ ಕೂತಿದ್ದ ಪುಸ್ತಕಕ್ಕೆ ಲಕ್ಷಾಂತರ ಕಣ್ಣುಗಳು ಸಿಕ್ಕವು. ದೊಡ್ಡ ಖರ್ಚೇನೂ ಆಗಿರಲಿಲ್ಲ. ಎರಡು ಕೈ, ಒಂದು ಕ್ಯಾಮೆರಾ, ಮತ್ತೆ ತನ್ನ ಸಂಗ್ರಹದಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತಿರುವ ಒಬ್ಬರು, ಇಷ್ಟೇ.

ಇದಕ್ಕಿಂತ ಮುಂಚೆ, 2010ರ ಜುಲೈನಲ್ಲಿ, ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಲೈಬ್ರರಿ ಆಗ ಹೆಸರು ಮಾಡಿದ್ದ ಓಲ್ಡ್ ಸ್ಪೈಸ್ ಜಾಹೀರಾತಿನ ಧಾಟಿಯಲ್ಲೇ ಲೈಬ್ರರಿಯ ಬಗ್ಗೆ ಒಂದು ವಿಡಿಯೋ ಮಾಡಿ ಯೂಟ್ಯೂಬಿನಲ್ಲಿ ದೊಡ್ಡ ಸದ್ದು ಮಾಡಿತ್ತು. 2016ರಲ್ಲಿ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್ ಲೈಬ್ರರಿ 'ಕಲರ್ ಅವರ್ ಕಲೆಕ್ಷನ್ಸ್' ಎಂಬ ಹ್ಯಾಷ್‌ಟ್ಯಾಗ್ ಶುರು ಮಾಡಿತು. ಹಳೆಯ ಪುಸ್ತಕಗಳ ಗೆರೆಚಿತ್ರಗಳನ್ನು ಬಣ್ಣ ತುಂಬುವ ಹಾಳೆಗಳಾಗಿ ಹಂಚುವುದು. ಪ್ರತಿ ಫೆಬ್ರವರಿಯಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳ ಲೈಬ್ರರಿಗಳು ಇದರಲ್ಲಿ ಸೇರುತ್ತವೆ. ಸಸ್ಯಶಾಸ್ತ್ರದ ಹಳೆಯ ಚಿತ್ರವೊಂದಕ್ಕೆ ಮಗು ಹಸಿರು ಬಣ್ಣ ಹಚ್ಚುತ್ತದೆ, ಪಕ್ಕದಲ್ಲಿ ಕೂತ ಅಮ್ಮ ಕೆಳಗೆ ಬರೆದಿರುವ ಪುಸ್ತಕದ ಹೆಸರು ಓದುತ್ತಾಳೆ.

ನಮ್ಮಲ್ಲಿ ಇಂಥ ವಸ್ತುಗಳಿಗೆ ಬರವೇ ಇಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡಿ. 1891ರಲ್ಲಿ ಶುರುವಾಯಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭಾಗವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲೇ. 1909ರಲ್ಲಿ ಅದು ಅಚ್ಚಾಗಿ ಹೊರಬಂತು. ತಾಳೆಗರಿಯನ್ನು ಹೇಗೆ ಕಾಪಾಡುತ್ತಾರೆ ಎಂದು ನೀವು ಕಣ್ಣಾರೆ ನೋಡಿದ್ದೀರಾ? ಮೆದು ಬ್ರಷ್ಷಿನಲ್ಲಿ ಧೂಳು ತೆಗೆಯುತ್ತಾರೆ. ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಹುಳ ಹತ್ತಿರ ಬರುವುದಿಲ್ಲ, ಗರಿಯೂ ಒಣಗಿ ಮುರಿಯುವುದಿಲ್ಲ. ಕಂಠದಿಂದ, ಅಂದರೆ ಚೂಪಾದ ಲೋಹದ ಲೇಖನಿಯಿಂದ, ಕೊರೆದ ಅಕ್ಷರ ಮಸುಕಾಗಿದ್ದರೆ ಕಾಡಿಗೆ ಹಚ್ಚಿ ಒರೆಸುತ್ತಾರೆ. ಗೀರಿನೊಳಗೆ ಕಪ್ಪು ಉಳಿಯುತ್ತದೆ, ಮೇಲಿನದು ಹೋಗುತ್ತದೆ. ಏನೂ ಕಾಣದಿದ್ದ ಗರಿಯ ಮೇಲೆ ಸಾಲು ಸಾಲಾಗಿ ಅಕ್ಷರ ಎದ್ದು ಬರುತ್ತವೆ. ಮಾತೇ ಬೇಡ, ಆ ಅರ್ಧ ನಿಮಿಷದ ದೃಶ್ಯ ಸಾಕು. ತಾಳೆಗರಿ ಇಟ್ಟುಕೊಂಡಿರುವ ನಮ್ಮ ಪ್ರತಿ ವಿಶ್ವವಿದ್ಯಾಲಯವೂ ಇಂಥದ್ದನ್ನು ತಿಂಗಳಿಗೆ ಒಂದಾದರೂ ಮಾಡಲಿ ಎಂದು ನನ್ನ ಆಸೆ.

ಹಳೆಯದನ್ನು ಹಂಚುವಾಗ ಕಾಪಿರೈಟ್ ನೆನಪಿರಲಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದು ಇರುತ್ತದೆ. ಮುಖಪುಟ ತೋರಿಸಿ ಪರಿಚಯ ಮಾಡುವುದು ಒಂದು, ಇಡೀ ಪುಸ್ತಕದ ಪಿಡಿಎಫ್ ಅನ್ನು ಟೆಲಿಗ್ರಾಂಗೆ ಹಾಕುವುದು ಇನ್ನೊಂದು.

ತೋರಿಸುವುದರಿಂದ ಒಂದು ಹೆಜ್ಜೆ ಮುಂದೆ ಹೋದರೆ ಓದುಗರನ್ನೇ ಕೆಲಸಕ್ಕೆ ಕರೆಯಬಹುದು. ಮತ್ತೆ ಅಯೋವಾದ್ದೇ ಕಥೆ. 2011ರಲ್ಲಿ ಅವರು ಅಮೆರಿಕದ ಅಂತರ್ಯುದ್ಧ ಕಾಲದ ಕೈಬರಹದ ಡೈರಿ, ಪತ್ರಗಳನ್ನು ಸ್ಕ್ಯಾನ್ ಮಾಡಿ, ಓದಿ ಟೈಪ್ ಮಾಡಿಕೊಡಿ ಎಂದು ಜನರನ್ನು ಕೇಳಿದರು. ರೆಡಿಟ್ ಎಂಬ ಚರ್ಚಾ ತಾಣದಲ್ಲಿ ಆ ಸುದ್ದಿ ಹಬ್ಬಿದ ಮೇಲೆ ಎಲ್ಲೆಲ್ಲಿಯದೋ ಜನ ಮುಗಿಬಿದ್ದರು. ಸಿಬ್ಬಂದಿ ವರ್ಷಗಟ್ಟಲೆ ಕೂತು ಮಾಡಬೇಕಾದ ಕೆಲಸಕ್ಕೆ ಸಾವಿರ ಕೈಗಳು ಬಂದವು. ಮುಂದೆ ಅದು ಅಡುಗೆ ಪುಸ್ತಕ, ಬೇರೆ ಪತ್ರಗಳವರೆಗೂ ಬೆಳೆಯಿತು. ವಿಕಿಪೀಡಿಯದವರು 2016ರ ಜನವರಿಯಲ್ಲಿ ಶುರು ಮಾಡಿದ 'ಒನ್ ಲಿಬ್ ಒನ್ ರೆಫ್' ಅಭಿಯಾನವೂ ಇದೇ ದಾರಿಯದ್ದು. ಪ್ರತಿ ಗ್ರಂಥಪಾಲಕರೂ ವಿಕಿಪೀಡಿಯದ ಒಂದು ಲೇಖನಕ್ಕೆ ಒಂದೇ ಒಂದು ಆಧಾರ ಸೇರಿಸಿ ಎಂಬುದು ಅದರ ಕೋರಿಕೆ. ಕನ್ನಡ ವಿಕಿಪೀಡಿಯದಲ್ಲಿ ಆಧಾರವಿಲ್ಲದ ಲೇಖನಗಳು ತುಂಬಾ ಇವೆ. ಆ ಆಧಾರಗಳು ನಮ್ಮ ಲೈಬ್ರರಿಗಳ ಕಪಾಟಿನಲ್ಲೇ ಇವೆ, ಆನ್‌ಲೈನ್‌ನಲ್ಲಿ ಇಲ್ಲ. ಒಂದು ಮಧ್ಯಾಹ್ನ ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡರೆ ಸಾಕು. ಪುಸ್ತಕದ ಹೆಸರು, ಪುಟ ಸಂಖ್ಯೆ ಬರೆಯುವುದನ್ನೂ ಅವರು ಅಲ್ಲೇ ಕಲಿಯುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಒಂದು ಕಾಲೇಜಿನಲ್ಲಿ ಪುಸ್ತಕ ಹಿಂದಿರುಗಿಸದವರ ಹೆಸರು, ರಿಜಿಸ್ಟರ್ ನಂಬರ್, ಬಾಕಿ ಇರುವ ಪುಸ್ತಕ ಎಲ್ಲವನ್ನೂ ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ನನ್ನ ತಂಗಿಯ ಹೆಸರೂ ಇತ್ತು. ಅವಳು ಆಮೇಲೆ ಆ ಲೈಬ್ರರಿಯ ಕಡೆ ತಲೆ ಹಾಕಲೇ ಇಲ್ಲ. ಯಾರು ಏನು ಓದುತ್ತಾರೆ ಎಂಬುದು ಓದುಗ ಮತ್ತು ಲೈಬ್ರರಿಯ ನಡುವಿನ ಗುಟ್ಟು. ಖಾಯಿಲೆಯ ಬಗ್ಗೆ, ಕಾನೂನಿನ ತೊಂದರೆಯ ಬಗ್ಗೆ, ಮನಸ್ಸಿನ ನೋವಿನ ಬಗ್ಗೆ ಪುಸ್ತಕ ತೆಗೆದುಕೊಂಡವರಿರುತ್ತಾರೆ. ಬಾಕಿ ನೆನಪಿಸಬೇಕಾದರೆ ಅವರೊಬ್ಬರಿಗೇ ಮೆಸೇಜ್ ಹೋಗಲಿ. ರೀಡಿಂಗ್ ರೂಮಿನಲ್ಲಿ ಓದುತ್ತಾ ಕೂತವರ ಫೋಟೋ ಹಾಕುವ ಮುಂಚೆ ಅವರನ್ನು ಕೇಳುವುದೂ ಇದೇ ಮಾತಿಗೆ ಸೇರುತ್ತದೆ.

ಇನ್ನೊಂದು ಎಚ್ಚರ: ಈ ಜಾಗ ಯಾವುದೂ ಲೈಬ್ರರಿಯ ಸ್ವಂತದ್ದಲ್ಲ. ಒಂದು ಕಾಲಕ್ಕೆ ಅಮೆರಿಕದ ಎಷ್ಟೋ ಲೈಬ್ರರಿಗಳು ಓದುಗರ ಜೊತೆ ಚಾಟ್ ಮಾಡಲು ಮೀಬೋ ಎಂಬ ಉಚಿತ ಸಾಧನವನ್ನು ನಂಬಿಕೊಂಡಿದ್ದವು. 2012ರಲ್ಲಿ ಗೂಗಲ್ ಅದನ್ನು ಕೊಂಡು, ಒಂದೆರಡು ತಿಂಗಳೊಳಗೆ ಮುಚ್ಚಿತು. 2014ರಲ್ಲಿ ಗೂಗಲ್‌ನದೇ ಸೋಷಿಯಲ್ ಮೀಡಿಯಾ ತಾಣ ಆರ್ಕುಟ್ ಹೋಯಿತು. ಟ್ವಿಟ್ಟರ್ 2023ರಲ್ಲಿ ಎಕ್ಸ್ ಆಗಿ, ಅಲ್ಲಿಂದ ಕೆಲವು ಲೈಬ್ರರಿಗಳು ಹೊರಬಂದವು. ಹಾಗಾಗಿ ಒಳ್ಳೆಯ ವಿಡಿಯೋ, ಒಳ್ಳೆಯ ವಿವರಣೆಯ ಮೂಲ ಪ್ರತಿ ಯಾವಾಗಲೂ ಲೈಬ್ರರಿಯ ಸ್ವಂತ ವೆಬ್‌ಸೈಟಿನಲ್ಲೇ ಇರಲಿ.

ಲೆಕ್ಕದ ವಿಷಯದಲ್ಲಿ ಒಂದು ಮಾತು. ವರದಿಯಲ್ಲಿ ತೋರಿಸಲು ಲೈಕ್, ಫಾಲೋವರ್ ಸಂಖ್ಯೆ ಸುಲಭ. ಅದಕ್ಕಿಂತ ನಂಬಬಹುದಾದ ಲೆಕ್ಕ ಲೈಬ್ರರಿಯ ಕೈಯಲ್ಲೇ ಇದೆ. ಯಾವ ಜರ್ನಲ್ ಎಷ್ಟು ಸಲ ತೆರೆಯಿತು ಎಂದು ಪ್ರಕಾಶಕರು 'ಕೌಂಟರ್' ಎಂಬ ಮಾದರಿಯಲ್ಲಿ ತಿಂಗಳ ಬಳಕೆಯ ವರದಿ ಕೊಡುತ್ತಾರೆ. ಒಂದು ಡೇಟಾಬೇಸ್ ಬಗ್ಗೆ ವಿಡಿಯೋ ಹಾಕಿದ ತಿಂಗಳು ಅದರ ಬಳಕೆ ಏರಿತಾ? ವಿಡಿಯೋಗೆ ನಲವತ್ತೇ ಲೈಕ್ ಬಂದಿರಬಹುದು. ಬಳಕೆ ಏರಿದ್ದರೆ ಅದು ಗೆದ್ದ ವಿಡಿಯೋ. ಬಳಕೆ ಕಡಿಮೆ ಇದ್ದರೆ ಮುಂದಿನ ವರ್ಷ ಆ ಚಂದಾವೇ ನಿಲ್ಲಬಹುದು. ಆಗ ನಷ್ಟ ಓದುಗರಿಗೇ.

ಇದನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮ ಲೈಬ್ರರಿಗಳಲ್ಲಿ ಸಿಬ್ಬಂದಿ ಕಡಿಮೆ. ಇರುವವರು ಇಶ್ಯೂ, ರಿಟರ್ನ್, ನೋ ಡ್ಯೂ ಸರ್ಟಿಫಿಕೇಟ್ ಮಧ್ಯೆ ಸುಸ್ತಾಗಿರುತ್ತಾರೆ. ಸಾಮಾನ್ಯವಾಗಿ ಉತ್ಸಾಹ ಇರುವ ಒಬ್ಬರು ಸ್ವಂತ ಫೋನಿನಲ್ಲಿ ಪುಟ ಶುರು ಮಾಡುತ್ತಾರೆ. ಅವರಿಗೆ ವರ್ಗವಾದರೆ ಪಾಸ್‌ವರ್ಡ್ ಅವರ ಜೊತೆಯೇ ಹೋಗುತ್ತದೆ, ಪುಟ ಅಲ್ಲಿಗೇ ನಿಲ್ಲುತ್ತದೆ. ಖಾತೆ ಲೈಬ್ರರಿಯ ಇಮೇಲಿನಲ್ಲಿ ಇರಬೇಕು, ಇಬ್ಬರಿಗಾದರೂ ಪಾಸ್‌ವರ್ಡ್ ಗೊತ್ತಿರಬೇಕು, ಗ್ರಂಥಾಲಯ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಕೈಜೋಡಿಸಬೇಕು. ಅವರಿಗೂ ಅದು ಕಲಿಕೆ. ಮುಖ್ಯವಾಗಿ, ಆ ಕೆಲಸವನ್ನು ಕೆಲಸ ಎಂದು ಲೆಕ್ಕಕ್ಕೆ ಹಿಡಿಯಬೇಕು.

ಏನು ಹಾಕುವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಒಂದು ವಾರ ಬರುವ ಪ್ರಶ್ನೆಗಳನ್ನೆಲ್ಲ ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. 'ಹಳೆ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತೆ ಮೇಡಂ?' 'ಪುಸ್ತಕ ರಿನ್ಯೂ ಮಾಡೋಕೆ ಬರಲೇಬೇಕಾ?' 'ಭಾನುವಾರ ರೀಡಿಂಗ್ ರೂಮ್ ಓಪನ್ ಇರುತ್ತಾ ಸರ್?' ಜಾಸ್ತಿ ಸಲ ಬಂದ ಐದು ಪ್ರಶ್ನೆಗಳಿಗೆ ಗುರುತು ಹಾಕಿ. ಮೊದಲ ಐದು ಪೋಸ್ಟ್ ಅವೇ.